325ರಲ್ಲಿ ವೋಟು ಹಾಕಿ ಯೇಸುವನ್ನು ದೇವರು ಮಾಡಿದರೇ?

ಮತ್ತೆ ಮತ್ತೆ ಫಾರ್ವರ್ಡ್ ಆಗುವ ಮೆಸೇಜ್ ಒಂದಿದೆ. 325ರಲ್ಲಿ ನೈಸಿಯ ಎಂಬ ಊರಲ್ಲಿ ರೋಮನ್ ಚಕ್ರವರ್ತಿ ಬಿಷಪ್‌ಗಳ, ಅಂದರೆ ಹಿರಿಯ ಕ್ರೈಸ್ತ ಧರ್ಮಗುರುಗಳ ಸಭೆ ಕರೆದ, ಅಲ್ಲಿ ವೋಟು ಹಾಕಿ ಯೇಸುವನ್ನು ದೇವರು ಮಾಡಿದರು ಅಂತ. ಸಭೆ ನಡೆದದ್ದು ನಿಜ, ಕಾನ್‌ಸ್ಟಂಟೈನ್ ಕರೆದದ್ದೂ ನಿಜ. ಹಾಗಾಗಿ ಓದಿದವರು ನಂಬುವುದು ಸಹಜವೇ. ಆದರೆ ಯೇಸು ದೇವರು ಎಂಬ ನಂಬಿಕೆ ಹುಟ್ಟಿದ್ದು ಆ ಸಭೆಯಲ್ಲಲ್ಲ.

ಸುಮಾರು 112ರಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. ಅವನು ಕ್ರೈಸ್ತನಲ್ಲ, ಕ್ರೈಸ್ತರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದವನು. ಇವರು ಗೊತ್ತು ಮಾಡಿದ ದಿನ ಬೆಳಕು ಹರಿಯುವ ಮೊದಲೇ ಸೇರಿ, ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಹೊಗಳುತ್ತಾರೆ ಎಂದು ಅದರಲ್ಲಿದೆ. ನೈಸಿಯ ಇದ್ದದ್ದೂ ಅವನು ಆಳುತ್ತಿದ್ದ ಪ್ರಾಂತ್ಯದಲ್ಲೇ. ಸಭೆಗಿಂತ ಇನ್ನೂರು ವರ್ಷ ಜಾಸ್ತಿಯೇ ಹಿಂದಿನ ಮಾತು ಇದು!

ಹಾಗಾದರೆ ಸಭೆಯಲ್ಲಿ ಚರ್ಚೆ ಯಾವುದಕ್ಕೆ? ಮಗನನ್ನು (ಯೇಸುವನ್ನು) ತಂದೆ (ದೇವರು) ಸೃಷ್ಟಿಸಿದ, ಮಗ ಇಲ್ಲದಿದ್ದ ಹೊತ್ತೂ ಇತ್ತು ಎಂದು ಅರಿಯಸ್ ಎಂಬ ಪಾದ್ರಿ ಕಲಿಸುತ್ತಿದ್ದ. ಸಭೆ ಒಪ್ಪಲಿಲ್ಲ. ಮಗ ತಂದೆಯಿಂದ ಹುಟ್ಟಿದವನು, ಸೃಷ್ಟಿಯಾದವನಲ್ಲ ಎಂದಿತು. ಈ ತೀರ್ಮಾನಕ್ಕೆ ಕೊನೆಗೂ ಸಹಿ ಹಾಕದ ಬಿಷಪ್‌ಗಳು ಇಬ್ಬರೇ. ವಾದ ಮಾತ್ರ ಇನ್ನೂ ಐವತ್ತು ವರ್ಷ ಎಳೆಯಿತು.

ಇಂಥ ಮೆಸೇಜ್ ಬಂದರೆ, ಅದರಲ್ಲಿರುವ ಇಸವಿಗಿಂತ ಹಳೆಯ ಬರಹ ಏನು ಹೇಳುತ್ತದೆ ಅಂತ ಹುಡುಕಿ. ಪ್ಲಿನಿಯ ಪತ್ರ ನೆಟ್‌ನಲ್ಲೇ ಸಿಗುತ್ತದೆ. ಕನ್ನಡ ಬೈಬಲ್ ಇದ್ದರೆ ಯೋಹಾನ 20:28 ತೆಗೆಯಿರಿ. ಅಲ್ಲಿ ಶಿಷ್ಯ ತೋಮ ಯೇಸುವನ್ನು ‘ನನ್ನ ದೇವರು’ ಎಂದೇ ಕರೆಯುತ್ತಾನೆ. ಅದನ್ನು ನಂಬುವುದು, ಬಿಡುವುದು ಬೇರೆ ವಿಷಯ. ಅದು 325ಕ್ಕಿಂತ ಹಳೆಯದು ಅನ್ನುವುದಂತೂ ಖಚಿತ.