ಸ್ಪಷ್ಟನೆ: ಪಿಸ್ತೂಲು ಹಿಡಿಯ ಶಾಟ್‌ಗನ್‌ಗೆ ಗುರಿ ಬೇಡವೆಂಬ ಸಂದೇಶ ಸರಿಯಲ್ಲ

‘ಪಿಸ್ತೂಲಿನಂಥ ಹಿಡಿಯಿರುವ ಗಿಡ್ಡ ಶಾಟ್‌ಗನ್ ಮನೆಯ ರಕ್ಷಣೆಗೆ ಅತ್ಯುತ್ತಮ, ಗುರಿಯಿಡುವ ಅಗತ್ಯವೇ ಇಲ್ಲ, ಯಾರು ಬೇಕಾದರೂ ಬಳಸಬಹುದು’ ಎಂಬ ಸಂದೇಶ ಅಮೆರಿಕದಲ್ಲಿರುವ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು ಮಾತ್ರವಲ್ಲ, ಅಪಾಯಕಾರಿ ಕೂಡ.

ಶಾಟ್‌ಗನ್ ಎಂದರೆ ಸಾಮಾನ್ಯವಾಗಿ ಒಂದೇ ತೋಟಾದಿಂದ ಹಲವು ಗುಂಡುಗಳನ್ನು ಒಟ್ಟಿಗೆ ಹಾರಿಸುವ ಬಂದೂಕು. ಅದರ 12 ಗೇಜಿನ (ನಳಿಕೆಯ ಒಂದು ಸಾಮಾನ್ಯ ಅಳತೆ) ‘ಡಬಲ್ ಆಟ್’ ಎಂಬ ದಪ್ಪ ಗುಂಡುಗಳ ಬಕ್‌ಶಾಟ್ ತೋಟಾದಲ್ಲಿ ಸಾಮಾನ್ಯವಾಗಿ 8 ಅಥವಾ 9 ಸೀಸದ ಗುಂಡುಗಳಿರುತ್ತವೆ. ಅವು ನಳಿಕೆಯಿಂದ ಹೊರಟು ಕೋಣೆಯನ್ನೆಲ್ಲ ಆವರಿಸುತ್ತವೆಂಬುದು ಕಲ್ಪನೆ. 4-5 ಮೀಟರ್ ದೂರದಲ್ಲಿ ಅವು ಹರಡುವುದು ಸಾಮಾನ್ಯವಾಗಿ ಸುಮಾರು ಒಂದು ಅಂಗೈಯಗಲ. ಗುರಿ ತಪ್ಪಿದರೆ ಅವು ಅಲ್ಲಿನ ಮನೆಗಳ ಜಿಪ್ಸಮ್ ಹಲಗೆಯ ಗೋಡೆಯನ್ನು ತೂರಿ, ಮಕ್ಕಳು ಮಲಗಿರುವ ಪಕ್ಕದ ಕೋಣೆಯನ್ನು ಹೊಗಬಲ್ಲವು.

ಇಂಥ ಗಿಡ್ಡ ಬಂದೂಕಿಗೆ ಭುಜಕ್ಕೆ ಒತ್ತಿಕೊಳ್ಳುವ ಹಿಂಭಾಗ, ಅಂದರೆ ಸ್ಟಾಕ್, ಇಲ್ಲದಿರುವುದರಿಂದ ಹಿಂದೊದೆತವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ, ನಳಿಕೆ ಮೇಲಕ್ಕೆ ಜಿಗಿಯುತ್ತದೆ, ಎರಡನೆಯ ಸಲ ಹಾರಿಸಲು ಅದನ್ನು ಮತ್ತೆ ಗುರಿಗೆ ತರುವುದು ನಿಧಾನವಾಗುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಗಿಡ್ಡ ಬಂದೂಕನ್ನು ತಿರುಗಿಸುವುದು ಸುಲಭವೆಂಬುದು ನಿಜವೇ, ಆದರೆ ಹೊಸಬರಿಗೆ ಆ ಲಾಭಕ್ಕಿಂತ ಈ ನಷ್ಟವೇ ದೊಡ್ಡದು. ಸ್ಟಾಕಿನ ಜೊತೆಗೇ ಪಿಸ್ತೂಲು ಹಿಡಿಯಿರುವ ಮಾದರಿಗಳಿಗೆ ಈ ಆಕ್ಷೇಪ ಅನ್ವಯಿಸುವುದಿಲ್ಲ.

ಸಂದೇಶ ಹೇಳದಿರುವ ಇನ್ನೊಂದು ಸಂಗತಿ ಇನ್ನೂ ಗಂಭೀರವಾದುದು. ಎಚ್‌-1ಬಿಯಂಥ ವಲಸೆಯೇತರ (ತಾತ್ಕಾಲಿಕ ವಾಸದ) ವೀಸಾದಲ್ಲಿರುವವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು, ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳ ಹೊರತು, ನಿಷೇಧಿಸುತ್ತದೆ. ಆದ್ದರಿಂದ ಈ ಸಂದೇಶವನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.