ಚಪ್ಪಡಿ ಕೇಳಿದವನ ಕಡತ

ನಮ್ಮ ಬೀದಿಯ ಚರಂಡಿಗೆ ಚಪ್ಪಡಿ ಹಾಕಿ ಮುಗಿದಿದೆ ಎಂದು ತಿರುವಿನಲ್ಲಿರುವ ಹಳದಿ ಫಲಕ ಹೇಳುತ್ತದೆ. ನಾನು ಎಣಿಸಿದಾಗ ಒಂಬತ್ತು ಚಪ್ಪಡಿಗಳಿದ್ದವು. ಹತ್ತನೆಯದು ಇರಬೇಕಾದಲ್ಲಿ ಪಕ್ಕದ ಮನೆಯವರು ಕತ್ತಲಲ್ಲಿ ಯಾರೂ ಬೀಳದಿರಲಿ ಎಂದು ಒಂದು ಮಾವಿನ ಕೊಂಬೆ ನೆಟ್ಟಿದ್ದಾರೆ. ಅಲ್ಲಿಂದಾಚೆಗೆ ಚರಂಡಿ ಬಾಯಿ ತೆರೆದು ಆಕಾಶ ನೋಡುತ್ತ ಮಲಗಿದೆ. ಬಿಲ್ಲು ಪಾಸಾದದ್ದು ಎಷ್ಟು ಚಪ್ಪಡಿಗೆ ಎಂದು ತಿಳಿದುಕೊಳ್ಳುವ ಆಸೆ ನನಗೆ ಹುಟ್ಟಿತು. ನಿವೃತ್ತರಿಗೆ ಇಂಥ ಆಸೆಗಳು ಬೇಗ ಹುಟ್ಟುತ್ತವೆ.

ಮಾಹಿತಿ ಹಕ್ಕು ಕಾಯ್ದೆ ದೇಶದಲ್ಲಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ರಂದು. ಕರ್ನಾಟಕ ಅದಕ್ಕೂ ಮುಂಚೆಯೇ, 2000ದಲ್ಲಿ, ತನ್ನದೇ ಕಾಯ್ದೆಯನ್ನು ಮಾಡಿಕೊಂಡಿತ್ತು. ಹೀಗಾಗಿ ಮಾಹಿತಿ ಕೊಡದಿರುವ ವಿದ್ಯೆಯಲ್ಲಿ ನಮ್ಮವರಿಗೆ ಸೇವಾ ಹಿರಿತನವಿದೆ. ಅರ್ಜಿ ಶುಲ್ಕ ಮಾತ್ರ 2005ರಿಂದ ಇಂದಿನವರೆಗೂ ಹತ್ತೇ ರೂಪಾಯಿ. ಆ ದುಡ್ಡಿಗೆ ಈಗ ಹೋಟೆಲಿನಲ್ಲಿ ಅರ್ಧ ಕಾಫಿ ಸಿಗುವುದು ಕಷ್ಟ, ಹಕ್ಕು ಮಾತ್ರ ಇಡಿಯಾಗಿ ಸಿಗುತ್ತದೆ.

ಆದರೆ ನಮ್ಮ ರಾಜ್ಯದ ನಿಯಮಗಳಲ್ಲಿ ಒಂದು ಸೊಗಸಿದೆ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ನನ್ನ ಮೊದಲ ಕರಡಿನಲ್ಲಿ 163 ಪದಗಳಿದ್ದವು. ಹದಿಮೂರು ಪದಗಳಿಗಾಗಿ ಒಂದು ಹಕ್ಕನ್ನು ಬಿಡಲಾದೀತೇ? ಹೈಸ್ಕೂಲಿನ ಕನ್ನಡ ಮೇಷ್ಟ್ರನ್ನು ಮನಸ್ಸಿನಲ್ಲೇ ನೆನೆದು ಸಂಧಿ, ಸಮಾಸಗಳ ಮೊರೆಹೊಕ್ಕೆ. ‘ಚರಂಡಿಯ ಮೇಲೆ ಹಾಕಿರುವ ಚಪ್ಪಡಿಗಳ ಅಳತೆಯ ಪುಸ್ತಕ’ ಎಂಬ ಆರು ಪದಗಳು ‘ಚರಂಡಿಚಪ್ಪಡಿಯಳತೆಪುಸ್ತಕ’ ಎಂಬ ಒಂದೇ ಪದವಾದವು. ‘ಕಾಮಗಾರಿಬಿಲ್ಲುಪ್ರತಿ’ ಅಪ್ಪಟ ಅರಿಸಮಾಸ, ಮೇಷ್ಟ್ರು ಇದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. 148ಕ್ಕೆ ಇಳಿಸಿದೆ. ಇಂಗ್ಲಿಷಿನಲ್ಲಿ ಅರ್ಜಿ ಹಾಕುವವರ ಮೇಲೆ ನನಗೆ ಮೊದಲ ಬಾರಿಗೆ ಕನಿಕರ ಹುಟ್ಟಿತು. ನಮಗೆ ಪದದ ಬಾಲದಲ್ಲಿ ಪುಕ್ಕಟೆಯಾಗಿ ಬರುವ ವಿಭಕ್ತಿಗೆ ಅವರು ಒಂದೊಂದು ಬಿಡಿ ಪದವನ್ನು ತೆರಬೇಕು.

ಕಚೇರಿಯ ಹೆಸರು ಬೇಡ, ನಿಮ್ಮೂರಿನಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ. ಟಪಾಲು ವಿಭಾಗದವರು ಪೋಸ್ಟಲ್ ಆರ್ಡರನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನೂ ಹಾಗೆಯೇ ನೋಡಿದರು.

‘ಯಾಕೆ ಬೇಕು ಇದು ನಿಮಗೆ?’

ಅರ್ಜಿದಾರ ಕಾರಣ ಕೊಡಬೇಕಾಗಿಲ್ಲ, ಆರನೆಯ ಕಲಮಿನ ಎರಡನೆಯ ಉಪಕಲಮು ಎಂದೆ.

‘ಅದು ಸರಿ, ಆದರೂ ಯಾಕೆ?’

ಅಷ್ಟು ಆತ್ಮೀಯವಾಗಿ ಕೇಳಿದ ಮೇಲೆ ಹೇಳದಿರಲಾಗಲಿಲ್ಲ. ಚಪ್ಪಡಿ ಎಣಿಸಬೇಕು ಎಂದೆ. ‘ಎಣಿಸುವುದಕ್ಕೆ ಬೀದಿಯಲ್ಲೇ ಇವೆಯಲ್ಲ’ ಎಂದು ಸೀಲು ಒತ್ತಿದರು. ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ನೇರ ಉತ್ತರ ಅದೊಂದೇ.

ಉತ್ತರ ಕೊಡಲು ಮೂವತ್ತು ದಿನಗಳ ಗಡುವಿದೆ. ಇಪ್ಪತ್ತೊಂಬತ್ತನೆಯ ದಿನ ಹಿಂಬರಹ ಬಂತು. ಚರಂಡಿ ಒಂದು ವಿಷಯ, ಅದರ ಮೇಲಿನ ಚಪ್ಪಡಿ ಇನ್ನೊಂದು ವಿಷಯವಾದ್ದರಿಂದ ಪ್ರತ್ಯೇಕ ಅರ್ಜಿಗಳನ್ನು ಸಲ್ಲಿಸತಕ್ಕದ್ದು. ಸಲ್ಲಿಸಿದೆ. ಚಪ್ಪಡಿ ಅರ್ಜಿ ಚರಂಡಿ ಶಾಖೆಗೆ, ಚರಂಡಿ ಅರ್ಜಿ ರಸ್ತೆ ಶಾಖೆಗೆ ವರ್ಗವಾದವು. ಎರಡೂ ಶಾಖೆಗಳಿಂದ ‘ಸದರಿ ಕಡತವು ಈ ಶಾಖೆಗೆ ಸಂಬಂಧಿಸಿರುವುದಿಲ್ಲ’ ಎಂಬ ಪತ್ರಗಳು ಸ್ಪೀಡ್ ಪೋಸ್ಟಿನಲ್ಲಿ ಬಂದವು. ಅಂಚೆ ವೆಚ್ಚಕ್ಕೆ ನನ್ನ ಹತ್ತು ರೂಪಾಯಿ ಎಲ್ಲಿಗೆ ಸಾಕು? ಈ ಸರ್ಕಾರ ನನ್ನಿಂದ ನಷ್ಟದಲ್ಲಿದೆ.

ಪ್ರಥಮ ಮೇಲ್ಮನವಿ ಹಾಕಿದೆ. ಮೇಲ್ಮನವಿ ಪ್ರಾಧಿಕಾರ ಎಂದರೆ ಅದೇ ಮೊಗಸಾಲೆಯಲ್ಲಿ ಮಾಹಿತಿ ಅಧಿಕಾರಿಯ ಮುಂದಿನ ಕೋಣೆ. ಇಬ್ಬರಿಗೂ ಒಂದೇ ಫ್ಲಾಸ್ಕಿನಿಂದ ಚಹಾ ಬರುತ್ತದೆ. ‘ಲಭ್ಯವಿದ್ದಲ್ಲಿ ನಿಯಮಾನುಸಾರ ಮಾಹಿತಿ ಒದಗಿಸುವುದು’ ಎಂದು ಆದೇಶವಾಯಿತು. ‘ಲಭ್ಯವಿದ್ದಲ್ಲಿ’ ಎಂಬುದರಲ್ಲಿ ಹಾವು ಸಾಯುವುದಿಲ್ಲ, ‘ನಿಯಮಾನುಸಾರ’ ಎಂಬುದರಲ್ಲಿ ಕೋಲು ಮುರಿಯುವುದಿಲ್ಲ. ಇದಕ್ಕೂ ಮೇಲೆ ಮಾಹಿತಿ ಆಯೋಗವಿದೆ. ಅಲ್ಲಿ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ದಂಡ ಹಾಕಬಹುದು, ಆದರೆ 25,000 ಮೀರುವಂತಿಲ್ಲ. ಭಾಗಿಸಿ ನೋಡಿ. ನೂರು ದಿನಗಳಾದ ಮೇಲೆ ತಡ ಮಾಡುವುದು ಪೂರ್ತಿ ಉಚಿತ. ಆಯೋಗ ಇಷ್ಟು ದಿನಗಳೊಳಗೆ ತೀರ್ಮಾನಿಸಬೇಕೆಂಬ ಗಡುವನ್ನಂತೂ ಕಾಯ್ದೆ ಬರೆದೇ ಇಲ್ಲ.

ಆಯೋಗಕ್ಕೆ ಹೋಗುವ ಮುನ್ನ ಕಡತವನ್ನು ಕಣ್ಣಾರೆ ನೋಡೋಣ ಎಂದು ಪರಿಶೀಲನೆಗೆ ಅವಕಾಶ ಕೇಳಿದೆ. ಮೊದಲ ಒಂದು ಗಂಟೆಗೆ ಶುಲ್ಕವಿಲ್ಲ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಟ್ಟರು, ಫ್ಯಾನನ್ನೂ ಹಾಕಿದರು. ಬೀರುವಿನಿಂದ ಒಂದು ಕಡತ ಬಂತು. ಕೆಂಪು ಲಾಡಿ ಹೊಚ್ಚಹೊಸದು. ಪ್ರತಿ ಹಾಳೆಗೂ ಬಲಮೂಲೆಯಲ್ಲಿ ಪುಟಸಂಖ್ಯೆ, ಪುಟಸಂಖ್ಯೆಗೆ ಕಿರುಸಹಿ. ಸರ್ಕಾರಿ ಕಚೇರಿಯಲ್ಲಿ ಇಷ್ಟು ಅಚ್ಚುಕಟ್ಟಾದ ಕಡತವನ್ನು ನಾನು ಕಂಡಿರಲಿಲ್ಲ. ಬಿಚ್ಚಿ ನೋಡಿದರೆ ಅದು ಚರಂಡಿಯದೂ ಅಲ್ಲ, ಚಪ್ಪಡಿಯದೂ ಅಲ್ಲ. ನನ್ನದು.

ನನ್ನ ಅರ್ಜಿಗಳ ಕಡತ, ಒಟ್ಟು 84 ಪುಟ. ಟಿಪ್ಪಣಿಯ ನಾಲ್ಕನೆಯ ಪುಟದಲ್ಲಿ ಮೇಲಧಿಕಾರಿ ಕೇಳಿದ್ದಾರೆ: ‘ಅರ್ಜಿದಾರರು ಸದರಿ ಬೀದಿಯ ನಿವಾಸಿಯೇ? ಸ್ಥಳ ಪರಿಶೀಲಿಸಿ ಮಂಡಿಸಿ.’ ಐದನೆಯ ಪುಟದಲ್ಲಿ ಉತ್ತರವಿದೆ: ‘ಖುದ್ದು ಭೇಟಿ ನೀಡಲಾಗಿದೆ. ಅರ್ಜಿದಾರರು ವರಾಂಡದಲ್ಲಿ ಪತ್ರಿಕೆ ಓದುತ್ತಿದ್ದುದು ಕಂಡುಬಂದಿರುತ್ತದೆ.’ ಜತೆಗೊಂದು ಕೈನಕ್ಷೆ. ಅದರಲ್ಲಿ ನನ್ನ ಮನೆ, ಗೇಟು, ತುಳಸಿಕಟ್ಟೆ ಎಲ್ಲವೂ ಅಳತೆ ಸಮೇತ ಇವೆ. ಎಲ್ಲೂ ಸಿಗದ ಅಳತೆ ಪುಸ್ತಕ ಇಲ್ಲಿದೆ ಎನ್ನಿ! ನನ್ನನ್ನು ಎಣಿಸಲು ಚರಂಡಿ ದಾಟಿಕೊಂಡು ಬಂದವರು ಚಪ್ಪಡಿ ಎಣಿಸದೆ ಹಿಂದಿರುಗಿದ್ದಾರೆ. ಮಾವಿನ ಕೊಂಬೆ ಅವರ ಕಣ್ಣಿಗೆ ಬಿದ್ದಿದೆ. ಪುಟ ಏಳರಲ್ಲಿ ಅದು ‘ಅನಧಿಕೃತ ಒತ್ತುವರಿ’.

ಇಷ್ಟು ಚೆಂದದ ಸಾಹಿತ್ಯವನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಪುಟಕ್ಕೆ ಎರಡು ರೂಪಾಯಿಯಂತೆ 168 ರೂಪಾಯಿ ಕೊಡುತ್ತೇನೆ, ಪ್ರತಿ ಕೊಡಿ ಎಂದು ಹೊಸ ಅರ್ಜಿ ಹಾಕಿದೆ. ಪದಗಳು ಬರೀ ಹನ್ನೊಂದು. ಇದರಲ್ಲಿ ವ್ಯಕ್ತಿಯೊಬ್ಬರ ವೈಯಕ್ತಿಕ ವಿವರಗಳಿವೆಯಲ್ಲ ಎಂದು ಮಾಹಿತಿ ಅಧಿಕಾರಿ ತಲೆ ಕೆರೆದುಕೊಂಡರು. ವೈಯಕ್ತಿಕ ಮಾಹಿತಿಯ ವಿನಾಯಿತಿಯನ್ನು ಹಿಗ್ಗಿಸಲು ಕಾಯ್ದೆಯ ಎಂಟನೆಯ ಕಲಮನ್ನು ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆ ತಿದ್ದಿದೆ. ಸಂಸತ್ತಿಗೆ, ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂದು ಅಲ್ಲಿದ್ದ ಸಾಲನ್ನೂ ಅದೇ ತಿದ್ದುಪಡಿ ಕಿತ್ತುಹಾಕಿತು. ಆ ವ್ಯಕ್ತಿ ನಾನೇ ಸ್ವಾಮಿ ಎಂದೆ. ‘ಅದನ್ನು ಕಡತ ಹೇಳಬೇಕು, ನೀವು ಹೇಳಿದರೆ ಹೇಗೆ?’ ಎಂದರು.

ನಾಲ್ಕನೆಯ ದಿನ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಬಂತು. ಹನ್ನೊಂದನೆಯ ಕಲಮಿನಡಿ, ಮೂರನೆಯ ವ್ಯಕ್ತಿಗೆ. ತಮಗೆ ಸಂಬಂಧಿಸಿದ 84 ಪುಟಗಳ ಮಾಹಿತಿಯನ್ನು ಅರ್ಜಿದಾರರೊಬ್ಬರು ಕೋರಿರುತ್ತಾರೆ, ಆಕ್ಷೇಪಣೆಯಿದ್ದಲ್ಲಿ ಹತ್ತು ದಿನಗಳೊಳಗೆ ಸಲ್ಲಿಸತಕ್ಕದ್ದು.

ಎರಡು ಸಲ ಓದಿದೆ. ಎದೆ ಧಸಕ್ಕೆಂದಿತು. ಯಾರೀತ? ನನ್ನ ತುಳಸಿಕಟ್ಟೆಯ ಅಳತೆ ಇವನಿಗೇಕೆ? ಹತ್ತು ರೂಪಾಯಿ ಬಿಸಾಕಿ ಯಾರು ಬೇಕಾದರೂ ನನ್ನ ವಿಷಯ ಕೇಳಬಹುದೇ, ಅದೂ ಕಾರಣ ಹೇಳದೆ? ಇನ್ನೂ ಆರು ದಿನಗಳಿವೆ. ಆಕ್ಷೇಪಣೆಯ ಕರಡು ಬರೆದಿಟ್ಟಿದ್ದೇನೆ, 163 ಪದಗಳಾಗಿವೆ.