ಪಾಸಿಟಿವ್ ಎಂಬ ಪದ ಮತ್ತು ಚಿಕ್ಕಮ್ಮನ ವರದಿ

ಪ್ರಯೋಗಾಲಯದ ವರದಿಯನ್ನು ಹಿಡಿದುಕೊಂಡು ಹೊರಬಂದ ನಮ್ಮ ಚಿಕ್ಕಮ್ಮ, ‘ಪಾಸಿಟಿವ್ ಬಂದಿದೆ ಕಣೋ, ಇನ್ನೇನೂ ಚಿಂತೆಯಿಲ್ಲ’ ಎಂದು ನಿರಾಳವಾಗಿ ನಕ್ಕ ಗಳಿಗೆಯನ್ನು ನಾನು ಮರೆತಿಲ್ಲ. ಕಾಗದದ ಕೆಳಭಾಗದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಆ ಒಂದು ಪದದ ಮೇಲೆಯೇ ಅವರ ಹೆಬ್ಬೆರಳಿತ್ತು. ಸೋಂಕು ತಗುಲಿದೆ ಎಂಬುದೇ ಅದರ ಅರ್ಥವೆಂದು ಅವರಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ತಪ್ಪು ಅವರದಲ್ಲ. ‘ಪಾಸಿಟಿವ್ ಆಗಿ ಯೋಚಿಸಿ’ ಎಂದು ದಿನವೂ ಕೇಳುವವರಿಗೆ ಅದು ಒಳ್ಳೆಯದನ್ನು ಹೇಳುವ ಪದವೆಂದೇ ತೋರುತ್ತದೆ. ಆದರೆ ಅದರ ಲ್ಯಾಟಿನ್ ಮೂಲದಲ್ಲಿರುವುದು ‘ಇರಿಸು’ ಎಂಬ ಅರ್ಥ. ಕಾನೂನಿನ ಪರಿಭಾಷೆಯಲ್ಲಿ ‘ಪಾಸಿಟಿವ್ ಲಾ’ ಎಂದರೆ ಮನುಷ್ಯರು ವಿಧಿಸಿ ಜಾರಿಗೆ ತಂದ ಕಾನೂನು. ಅದು ನ್ಯಾಯವಾದದ್ದೇ ಎಂಬ ಭರವಸೆಯೇನೂ ಆ ಹೆಸರಿನಲ್ಲಿಲ್ಲ. ಪ್ರಯೋಗಾಲಯದಲ್ಲಿಯೂ ಅಷ್ಟೇ: ಹುಡುಕಿದ್ದು ಸಿಕ್ಕಿದರೆ ಪಾಸಿಟಿವ್, ಸಿಗದಿದ್ದರೆ ನೆಗೆಟಿವ್. ಆರ್‌ಎಚ್ ಪಾಸಿಟಿವ್ ರಕ್ತವೆಂದರೆ ಕೆಂಪು ರಕ್ತಕಣಗಳ ಮೇಲೆ ಡಿ ಎಂಬ ಪ್ರತಿಜನಕ (ಆ್ಯಂಟಿಜೆನ್) ಇರುವ ರಕ್ತ. ಹಾಗೆಂದು ನೆಗೆಟಿವ್ ಗುಂಪಿನ ರಕ್ತದಲ್ಲಿ ಯಾವ ದೋಷವೂ ಇಲ್ಲ; ತುರ್ತು ಹೊತ್ತಿನಲ್ಲಿ ಗುಂಪು ತಿಳಿಯದ ರೋಗಿಗೆ ಸಾಮಾನ್ಯವಾಗಿ ಕೊಡುವುದು ಓ ನೆಗೆಟಿವ್ ರಕ್ತವನ್ನು.

ವಿದ್ಯುತ್ತಿನ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ವಿದ್ಯುತ್ತನ್ನು ಒಂದು ದ್ರವವೆಂದು ಭಾವಿಸಿದ್ದ ಬೆಂಜಮಿನ್ ಫ್ರಾಂಕ್ಲಿನ್, 1740ರ ದಶಕದಲ್ಲಿ, ಅದು ಹೆಚ್ಚಾಗಿರುವ ವಸ್ತುವನ್ನು ಪಾಸಿಟಿವ್ ಎಂದೂ ಕಡಿಮೆಯಾಗಿರುವುದನ್ನು ನೆಗೆಟಿವ್ ಎಂದೂ ಕರೆದರು. ಯಾವುದರಲ್ಲಿ ಹೆಚ್ಚು ಎಂಬುದು ಅವರ ಊಹೆಯಷ್ಟೇ. 1897ರಲ್ಲಿ ಬ್ರಿಟಿಷ್ ವಿಜ್ಞಾನಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದಾಗ, ತಂತಿಯಲ್ಲಿ ನಿಜವಾಗಿ ಹರಿಯುವ ಕಣದ ಪಾಲಿಗೆ ನೆಗೆಟಿವ್ ಚಿಹ್ನೆ ಬಂದಿತ್ತು. ಆದ್ದರಿಂದಲೇ ಇಂದಿಗೂ ಪಠ್ಯಪುಸ್ತಕದ ಚಿತ್ರದಲ್ಲಿ ವಿದ್ಯುತ್ ಪ್ರವಾಹದ ಬಾಣವು ಒಂದು ದಿಕ್ಕಿಗೆ ಮುಖಮಾಡಿದ್ದರೆ, ಎಲೆಕ್ಟ್ರಾನುಗಳು ಅದರ ಎದುರು ದಿಕ್ಕಿಗೆ ಸಾಗುತ್ತವೆ.

ಫೀಡ್‌ಬ್ಯಾಕ್ ವಿಷಯದಲ್ಲಂತೂ ಆಡುಮಾತೂ ಶಾಸ್ತ್ರವೂ ಎದುರುಬದುರಾಗಿಯೇ ನಿಂತಿವೆ. ಕಚೇರಿಯಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್ ಎಂದರೆ ಮೆಚ್ಚುಗೆ. ಎಂಜಿನಿಯರರಿಗೆ ಅದು, ಮೈಕನ್ನು ಸ್ಪೀಕರಿನ ಹತ್ತಿರ ಒಯ್ದಾಗ ಬಂದ ಸದ್ದೇ ಮತ್ತೆ ಮೈಕಿನೊಳಗೆ ಹೊಕ್ಕು, ಸುತ್ತಿ ಸುತ್ತಿ ಹಿಗ್ಗಿ, ಕಿವಿ ಮುಚ್ಚಿಕೊಳ್ಳುವಂತೆ ಕಿರುಚುವ ಆ ಕ್ರಿಯೆ. ಬೆವರು ಸುರಿಸಿ ನಮ್ಮ ಮೈಯ ಬಿಸಿಯನ್ನು ಹತೋಟಿಯಲ್ಲಿಡುವುದು ನೆಗೆಟಿವ್ ಫೀಡ್‌ಬ್ಯಾಕ್. ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಟೆಲಿಫೋನ್ ವರ್ಧಕಗಳ (ಆಂಪ್ಲಿಫೈಯರ್) ವಿರೂಪವನ್ನು ತಗ್ಗಿಸಲು ಕಂಡುಕೊಂಡ ಉಪಾಯವೂ ಅದೇ. ಮನಶ್ಶಾಸ್ತ್ರದಲ್ಲಿ ‘ಪಾಸಿಟಿವ್ ಶಿಕ್ಷೆ’ ಎಂಬುದೂ ಇದೆ. ಅಲ್ಲಿ ಪಾಸಿಟಿವ್ ಎಂದರೆ ಅಹಿತವಾದ ಏನನ್ನೋ ಸೇರಿಸುವುದು.

ಕನ್ನಡಕ್ಕೆ ತರುವಾಗ ಒಂದೇ ಪದವನ್ನು ಎಲ್ಲೆಡೆ ಅಂಟಿಸುವ ಅಭ್ಯಾಸವನ್ನು ನಾನು ಒಪ್ಪಲಾರೆ. ಗಣಿತಕ್ಕೆ ‘ಧನ’ ಸರಿಯಾಗಿ ಒಪ್ಪುತ್ತದೆ. ಬ್ರಹ್ಮಗುಪ್ತ 628ರಲ್ಲಿಯೇ ಧನ ಮತ್ತು ಋಣ ಸಂಖ್ಯೆಗಳ ಲೆಕ್ಕದ ನಿಯಮಗಳನ್ನು ಬರೆದಿಟ್ಟಿದ್ದಾನೆ. ಮನೋಭಾವಕ್ಕೆ ‘ಸಕಾರಾತ್ಮಕ’ ಎಂಬುದು ನಡೆಯುತ್ತದೆ. ಆದರೆ ‘ಸಕಾರಾತ್ಮಕ ವರದಿ’ ಎಂದು ಬರೆದರೆ ನಮ್ಮ ಚಿಕ್ಕಮ್ಮ ಮತ್ತೊಮ್ಮೆ ನಗುತ್ತಲೇ ಹೊರಬರುತ್ತಾರೆ. ಅಲ್ಲಿ ಬೇಕಿರುವುದು ‘ಸೋಂಕು ಪತ್ತೆಯಾಗಿದೆ’ ಎಂಬ ನೇರ ಮಾತು.

ಅಂದು ಅವರು ಕೇಳಿದ್ದೂ ಇದನ್ನೇ: ‘ಇದ್ದರೆ ಇದೆ ಅಂತ ಬರೆಯೋಕೆ ಏನು ಕಷ್ಟ?’ ಈಗ ಅವರ ವರದಿ ಬಂದಾಗಲೆಲ್ಲ, ಅದರ ಅಂಚಿನಲ್ಲಿ ಪೆನ್ನಿನಿಂದ ‘ಇದೆ’ ಅಥವಾ ‘ಇಲ್ಲ’ ಎಂದು ಬರೆದು ಅವರ ಕೈಗೆ ಕೊಡುತ್ತೇನೆ.